ಹಗಲು ಅಳದ ಓಣಿ

ರಾಯಚೂರಿನಲ್ಲಿ ಇನ್ನೂ ನಿಜಾಮರ ಹಾಲಿ ಸಿಕ್ಕಾ ನಾಣ್ಯ ನಡೆಯುತ್ತಿದ್ದ ದಿನಗಳವು. ನಮ್ಮ ಓಣಿಯ ಒಂದು ಮನೆಯಲ್ಲೂ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹತ್ತಿ ಗಿರಣಿಯ ಭೋಂಗಾ ಕೂಗಿದರೆ ಬೆಳಗಾಯಿತು, ಮತ್ತೊಮ್ಮೆ ಕೂಗಿದರೆ ಸಂಜೆಯಾಯಿತು. ಸೂರ್ಯನೂ ಅದರ ಕೂಗು ಕೇಳಿಯೇ ಏಳುತ್ತಾನೆ ಎಂದು ನಾನು ಬಹಳ ದಿನ ನಂಬಿದ್ದೆ. ಮೊಮ್ಮಕ್ಕಳಿಗೆ ಹೇಳಿದರೆ ಬಿದ್ದುಬಿದ್ದು ನಗುತ್ತಾರೆ. ನಗಲಿ ಬಿಡಿ, ಅವರಿಗೆ ನಾನು ಅಷ್ಟನ್ನೇ ಹೇಳಿದ್ದೇನೆ. ಮುಂದಿನದನ್ನು ಹೇಳಿಲ್ಲ.

ಎಳ್ಳಮಾವಾಸ್ಯೆ ಕಳೆದು ಮಾನ್ವಿ, ಸಿರವಾರ, ದೇವದುರ್ಗದ ಕಡೆಯಿಂದ ಹತ್ತಿಯ ಬಂಡಿಗಳು ಸಾಲುಗಟ್ಟಿ ಬರತೊಡಗಿದರೆ ಗಿರಣಿಗೆ ಸುಗ್ಗಿ. ಮುಂಗಾರಿನ ಮೊದಲ ಹನಿ ಬೀಳುವ ತನಕ ಅದು ಹಗಲೂ ರಾತ್ರಿ ನಿಲ್ಲುತ್ತಿರಲಿಲ್ಲ. ಅವ್ವನದು ಹಗಲು ಪಾಳಿ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರದ ಮುಂದೆ ನಿಂತು ಅದರ ಬಾಯಿಗೆ ಹತ್ತಿ ಉಣಿಸುವುದು ಅವಳ ಕೆಲಸ. ಅಪ್ಪನದು ರಾತ್ರಿ ಪಾಳಿ, ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಹಾಕುವುದು. ಹೆಂಗಸರು ಮುಂದಿನ ಗೇಟಿನಿಂದ ಒಳಗೆ ಹೋಗುವಾಗ ಬಾಯ್ಲರಿನ ಗಂಡಸರು ಹಿಂದಿನ ಕಲ್ಲಿದ್ದಲ ರಾಶಿಯ ಕಡೆಯಿಂದ ಹೊರಬರುತ್ತಿದ್ದರು. ಒಂದೇ ಗಿರಣಿಯಲ್ಲಿ ದುಡಿದು, ಒಂದೇ ಮನೆಯಲ್ಲಿ ಉಂಡು, ಸುಗ್ಗಿ ಮುಗಿಯುವ ತನಕ ನಮ್ಮಪ್ಪ ಅವ್ವ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದನ್ನು ನಾನು ಕಾಣೆ. ಅಪ್ಪ ಉಂಡಿಟ್ಟ ಗಂಗಾಳ ನೋಡಿ ಅವ್ವ ಅವನ ಹಸಿವು ತಿಳಿಯುತ್ತಿದ್ದಳು.

ಬೆಳಿಗ್ಗೆ ಅಪ್ಪ ಬರುತ್ತಿದ್ದ, ಕಣ್ಣಿನ ಬಿಳಿ ಬಿಟ್ಟರೆ ಉಳಿದದ್ದೆಲ್ಲ ಕರ್ರಗೆ. ಸಂಜೆ ಅವ್ವ ಬರುತ್ತಿದ್ದಳು, ಕೂದಲು, ಹುಬ್ಬು, ರೆಪ್ಪೆ ಎಲ್ಲ ಹತ್ತಿಯ ಎಳೆ ಹತ್ತಿ ಬೆಳ್ಳಗೆ. ಮಬ್ಬು ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತವಳು ಕೆಮ್ಮುವ ತನಕ ಅವಳು ಅವ್ವನೇ ಎಂದು ನನಗೆ ಧೈರ್ಯವಾಗುತ್ತಿರಲಿಲ್ಲ. ಮೈಯೆಲ್ಲ ಹತ್ತಿಕಾಳಿನ ಕಮಟು ವಾಸನೆ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನ್ನಲ್ಲಿ ಮೊದಲು ಸಂತೋಷ, ಆಮೇಲೆ ಭಯ ಏಳುತ್ತದೆ.

ನನಗಾಗ ಏಳೋ ಎಂಟೋ. ನನ್ನ ತಂಗಿ ಹುಲಿಗಿ ಇನ್ನೂ ಅಂಬೆಗಾಲಿಡದ ಕೂಸು. ಅವಳನ್ನು ನೋಡಿಕೊಳ್ಳುವುದು ನನ್ನ ಪಾಲಿನ ಗಿರಣಿ. ಓಣಿಯ ಎಲ್ಲ ಹುಡುಗಿಯರದೂ ಅದೇ ಪಾಡು. ಬುಟ್ಟಿಯಲ್ಲಿ ಅವ್ವ ಬಡಿದಿಟ್ಟ ಜೋಳದ ರೊಟ್ಟಿ, ಶೇಂಗಾದ ಹಿಂಡಿ, ಒಂದು ಉಳ್ಳಾಗಡ್ಡಿ ಇರುತ್ತಿದ್ದವು. ಅದನ್ನು ಕಟ್ಟಿಕೊಂಡು, ಕೂಸನ್ನು ಟೊಂಕದ ಮೇಲೆ ಕೂರಿಸಿಕೊಂಡು ಬೇವಿನ ಗಿಡದ ಕೆಳಗೆ ಸೇರುತ್ತಿದ್ದೆವು.

ಅಲ್ಲಿ ನಮ್ಮ ಆಟ ಗೊಂಬೆ ಮದುವೆ. ಉಳಿದ ಓಣಿಗಳ ಹುಡುಗಿಯರು ಅರಿವೆಯ ಗೊಂಬೆ ಮಾಡಿಕೊಂಡು ಆಡುತ್ತಿದ್ದರು. ನಮಗೆ ಆ ತಾಪತ್ರಯ ಇರಲಿಲ್ಲ, ನಮ್ಮ ಕೂಸುಗಳೇ ನಮ್ಮ ಗೊಂಬೆಗಳು. ಕೌದಿ ಹಾಸಿ ಸಾಲಾಗಿ ಮಲಗಿಸುತ್ತಿದ್ದೆವು. ಒಂದಕ್ಕೆ ಚೆಂಡುಹೂವಿನ ಬಾಸಿಂಗ ಕಟ್ಟಿ ಮದುಮಗಳು ಮಾಡುತ್ತಿದ್ದೆವು, ಇನ್ನೊಂದಕ್ಕೆ ಹತ್ತಿಯ ಮೀಸೆ ಅಂಟಿಸಿ ಮಾವನನ್ನಾಗಿ ಮಾಡುತ್ತಿದ್ದೆವು. ಕೂಸುಗಳು ಏಳುತ್ತಿರಲಿಲ್ಲ. ಅರೆತೆರೆದ ಕಣ್ಣಿನಲ್ಲಿ ಬಿಳಿ ಕಾಣುತ್ತಿತ್ತು. ತುಟಿಯ ಮೇಲೆ ನೊಣ ನಡೆದರೂ ತುಟಿ ಅಲುಗುತ್ತಿರಲಿಲ್ಲ. ಅಂಗೈಯಲ್ಲಿ ಬೆರಳಿಟ್ಟರೆ ಹಿಡಿಯುತ್ತಿರಲಿಲ್ಲ. ಒಳಗೆ ರಾತ್ರಿ ಪಾಳಿಯ ಗಂಡಸರು ಮಲಗಿರುತ್ತಿದ್ದರಲ್ಲ, ಅವರ ನಿದ್ದೆ ಕೆಟ್ಟರೆ ನಮ್ಮ ಬೆನ್ನು ಮುರಿಯುತ್ತಿತ್ತು, ಹಾಗಾಗಿ ಸೋಬಾನೆಯನ್ನೂ ಪಿಸುಮಾತಿನಲ್ಲೇ ಹಾಡುತ್ತಿದ್ದೆವು. ನಮಗೆ ಇದರಲ್ಲಿ ವಿಚಿತ್ರ ಏನೂ ಕಾಣುತ್ತಿರಲಿಲ್ಲ. ಎಲ್ಲ ಊರಿನ ಕೂಸುಗಳೂ ಹಗಲು ಹೀಗೇ ಇರುತ್ತವೆ ಎಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಮಲ್ಲಟದಿಂದ ನಮ್ಮ ದೊಡ್ಡವ್ವ ಬಂದಳು. ಅವ್ವನ ಅಕ್ಕ ಅವಳು, ಹೊಲ ಕುರಿ ಎಂದು ಮೈಮುರಿದು ದುಡಿಯುವ ಗಟ್ಟಿ ಹೆಂಗಸು, ಮಕ್ಕಳಾಗಿರಲಿಲ್ಲ. ಊರ ಹತ್ತಿ ಬಂಡಿಯ ಮೇಲೆ ಕೂತು ಬಂದವಳು ನೆತ್ತಿಯ ಮೇಲೆ ಗಂಟು ಹೊತ್ತು ಬೇವಿನ ಗಿಡದ ತನಕ ಬಂದು ನಿಂತುಬಿಟ್ಟಳು. ನಮ್ಮ ಮದುವೆ ನಡೆದಿತ್ತು. ಅವಳು ಸಾಲಿನಲ್ಲಿ ಮಲಗಿದ್ದ ಕೂಸುಗಳನ್ನು ಒಂದೊಂದಾಗಿ ನೋಡಿದಳು. ಗಂಟು ಇಳಿಸುವುದನ್ನೂ ಮರೆತಿದ್ದಳು.

"ನರಸೀ, ಈ ಓಣ್ಯಾಗ ಕೂಸುಗಳು ಅಳಾಂಗಿಲ್ಲೇನು?" ಎಂದು ನನ್ನನ್ನು ಕೇಳಿದಳು.

"ಹೊತ್ತು ಮುಣುಗಿದ ಮ್ಯಾಲ ಅಳ್ತಾವ ದೊಡ್ಡವ್ವ," ಎಂದೆ ನಾನು. ಇದ್ದದ್ದನ್ನು ಹೇಳಿದ್ದೆ.

ಅವಳು ಹುಲಿಗಿಯನ್ನು ಎತ್ತಿಕೊಂಡಳು. ಹುಲಿಗಿಯ ತಲೆ ಹಿಂದಕ್ಕೆ ವಾಲಿತು. ಮದುಮಗಳ ಬಾಸಿಂಗ ಮಣ್ಣಿಗೆ ಬಿತ್ತು. ದೊಡ್ಡವ್ವ ಕೂಸಿನ ಮೂಗಿಗೆ ತನ್ನ ಕೆನ್ನೆ ತಾಗಿಸಿ ಬಹಳ ಹೊತ್ತು ಹಾಗೇ ನಿಂತಳು, ಆಮೇಲೆ ಅದನ್ನು ಎತ್ತಿಕೊಂಡೇ ಮನೆಯೊಳಗೆ ಹೋದಳು.

ಸಂಜೆಯ ಭೋಂಗಾ ಕೂಗುವ ಸುಮಾರಿಗೆ ಓಣಿಯ ತುದಿಯ ಮನೆಯಲ್ಲಿ ಒಂದು ಕೂಸು ಅಳತೊಡಗಿತು. ಅದರ ಪಕ್ಕದ ಮನೆಯಲ್ಲಿ ಇನ್ನೊಂದು, ಎದುರಿಗೆ ಮತ್ತೊಂದು. ದಿನವೂ ಹಾಗೆಯೇ. ಬಿಳಿಯ ಹೆಂಗಸರು ಓಣಿಗೆ ಬಂದು ಸೇರುವಷ್ಟರಲ್ಲಿ ಮನೆಮನೆಯಿಂದ ಅಳು ಎದ್ದಿರುತ್ತಿತ್ತು. ದೊಡ್ಡವ್ವ ಹೊಸ್ತಿಲಲ್ಲಿ ಕೂತು, ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದಳು.

ರಾತ್ರಿ ಉಣ್ಣುವಾಗ ಅವ್ವನನ್ನು ಕೇಳಿದಳು: "ಬಸ್ಸೀ, ಕೂಸಿಗೆ ಏನರ ಸೋಂಕ್ಯಾದೇನು? ಹಗಲೆಲ್ಲ ಎಚ್ಚರ ಇಲ್ಲಲ್ಲ."

ಅವ್ವ ರೊಟ್ಟಿ ಮುರಿಯುತ್ತ, ಏನಿಲ್ಲ ಬಿಡಕ್ಕಾ, ಸೆಖೆಗೆ ಮಲಗುತ್ತದೆ ಎಂದಳು. ಅಕ್ಕನ ಮುಖ ನೋಡಲಿಲ್ಲ.

ಅದು ಸೆಖೆಯ ನಿದ್ದೆಯಲ್ಲ, ಅಫೀಮಿನ ನಿದ್ದೆ. ಸರಕಾರದ ಗುತ್ತೇದಾರನ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತಿತ್ತು. ಸಾಸಿವೆ ಕಾಳಿಗಿಂತ ಸಣ್ಣ ಗುಳಿಗೆ ಮಾಡಿ, ಮೊಲೆಯೂಡಿಸಿದ ಮೇಲೆ ಕೂಸಿನ ನಾಲಿಗೆಗೆ ಹಚ್ಚಿ ತಾಯಂದಿರು ಗಿರಣಿಗೆ ಹೋಗುತ್ತಿದ್ದರು. ನಮ್ಮ ಓಣಿಯಲ್ಲಿ ಅದು ಕಾಡಿಗೆ ಹಚ್ಚಿದಷ್ಟೇ ಮಾಮೂಲು. ಕೂಸು ಹಗಲು ಎದ್ದರೆ ಹಾಲಿಗೆ ಅಳುತ್ತದೆ, ಹಾಲು ಗಿರಣಿಯಲ್ಲಿ. ಕೂಸು ಅತ್ತರೆ ಅಪ್ಪನಿಗೆ ನಿದ್ದೆಯಿಲ್ಲ, ನಿದ್ದೆಗೆಟ್ಟವನು ರಾತ್ರಿ ಬಾಯ್ಲರಿನ ಬಾಯಿಗೆ ಹೋಗಿ ನಿಲ್ಲಬೇಕು. ಹಿಂದಿನ ವರ್ಷ ಹಾಗೆ ತೂಕಡಿಸಿದ ಒಬ್ಬನ ಕೈ ಮೊಣಕೈ ತನಕ ಬೆಂದಿತ್ತು. ಇದನ್ನೆಲ್ಲ ಅವ್ವ ಅಕ್ಕನಿಗೆ ಹೇಳಬಹುದಿತ್ತು. ಮಕ್ಕಳಿಲ್ಲದ ಅಕ್ಕನ ಮುಂದೆ, ಹುಟ್ಟಿದ ಕೂಸಿಗೆ ಮದ್ದು ಹಾಕುತ್ತೇನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ ಎಂದು ಈಗ ನನಗೆ ತಿಳಿಯುತ್ತದೆ.

ಮರುದಿನ ನಸುಕಿನಲ್ಲಿ ದೊಡ್ಡವ್ವ ಬಯಲ ಕಡೆ ಹೋಗಿದ್ದಾಗಲೇ ಅವ್ವ ಹುಲಿಗಿಗೆ ಹಾಲೂಡಿಸಿ, ಗುಳಿಗೆ ಹಚ್ಚಿ ಗಿರಣಿಗೆ ನಡೆದಳು. ದೊಡ್ಡವ್ವ ಬಂದವಳೇ, ತಾನಿದ್ದಷ್ಟು ದಿನ ಕೂಸಿನ ಆರೈಕೆ ತನ್ನದು ಎಂದು ನೀರು ಕಾಸಿದಳು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತ ಎಡಗಾಲು ಎತ್ತಿದವಳು ಅಲ್ಲಿಗೇ ನಿಂತಳು. ಅಂಗಾಲಿನ ನಡುವೆ ದೀಪದ ಮಸಿಯ ಬೊಟ್ಟಿತ್ತು.

ಇದನ್ನು ಯಾರು ಹಚ್ಚಿದರು ಎಂದು ಕೇಳಿದಳು. ಗೊತ್ತಿಲ್ಲ, ದೃಷ್ಟಿಗೆ ಇರಬೇಕು ಎಂದೆ. ದೊಡ್ಡವ್ವ ಒಪ್ಪಲಿಲ್ಲ. ದೃಷ್ಟಿಬೊಟ್ಟು ಕಾಣುವ ಕಡೆ ಇಡುತ್ತಾರೆ, ಹೀಗೆ ಅಡಗಿಸಿ ಇಡುವುದು ಬೇರೆ ಕೆಲಸದವರು ಎಂದು ತನ್ನಷ್ಟಕ್ಕೆ ಗೊಣಗಿದಳು. ಮಾಟ ಎನ್ನುವ ಮಾತನ್ನು ಅವಳು ನಾಲಿಗೆಯ ಮೇಲೆ ತರಲಿಲ್ಲ, ತಂದರೆ ಅದು ಗಟ್ಟಿಯಾಗುತ್ತದೆಂದು ನಮ್ಮ ಕಡೆ ನಂಬಿಕೆ. ಒಲೆಯ ಬೂದಿ ತಂದು ಆ ಅಂಗಾಲನ್ನು ಕೆಂಪಾಗುವ ತನಕ ತಿಕ್ಕಿದಳು. ತಲೆಯ ಮೇಲೆ ನೀರು ಸುರಿದರೂ ಹುಲಿಗಿ ಕಣ್ಣು ತೆರೆಯಲಿಲ್ಲ. ಮನೆ ತುಂಬ ಲೋಬಾನದ ಹೊಗೆ ಹಾಕಿ, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ದರ್ಗಾದಿಂದ ತಾಯತ ತರೋಣ ನಡಿ ಎಂದು ನನ್ನ ಕೈ ಹಿಡಿದಳು. ಗಾಳಿ ಸೋಂಕಿದ ಕೂಸನ್ನು ಬೀದಿಗೆ ಒಯ್ಯಬಾರದಂತೆ.

ಅಪ್ಪನಿಗೆ ಆ ದಿನ ಬಾಯ್ಲರಿನ ಬೂದಿ ಬಳಿಯುವ ಕೆಲಸ ಬಿದ್ದು ತಡವಾಗಿತ್ತು. ಓಣಿಯ ತಿರುವಿನಲ್ಲಿ ಎದುರಾದ. ದೊಡ್ಡವ್ವ ಸೆರಗು ಸರಿಮಾಡಿಕೊಂಡು, ಕೂಸಿಗೆ ನೀರು ಎರೆದು ಮಲಗಿಸಿದ್ದೇನೆ, ಇಲ್ಲೇ ಹೋಗಿ ಬರುತ್ತೇವೆ ಎಂದಳು. ಅಪ್ಪ ನಿದ್ದೆಯಲ್ಲೇ ನಡೆಯುತ್ತಿದ್ದವನು, ಹೂಂ ಯಕ್ಕಾ ಎಂದು ತಲೆಯಾಡಿಸಿ ಹೋದ.

ನಾವು ತಾಯತ ಮಾಡಿಸಿಕೊಂಡು ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ದೊಡ್ಡವ್ವ ತಾಯತ ಕಟ್ಟಲು ತೊಟ್ಟಿಲಿಗೆ ಬಗ್ಗಿದಳು. ಹುಲಿಗಿಯ ತುಟಿ ನೇರಳೆ ಹಣ್ಣು ತಿಂದಂತೆ ಇತ್ತು. ಎದೆ ಒಮ್ಮೆ ಏಳುತ್ತಿತ್ತು, ಮತ್ತೆ ಏಳುತ್ತದೋ ಇಲ್ಲವೋ ಎನ್ನುವಷ್ಟು ಹೊತ್ತು ಸುಮ್ಮನಿದ್ದು ಇನ್ನೊಮ್ಮೆ ಏಳುತ್ತಿತ್ತು. ದೊಡ್ಡವ್ವ ಅಪ್ಪನ ಭುಜ ಹಿಡಿದು ಅಲುಗಿಸಿದಳು.

"ತಮ್ಮಾ, ಏಳು. ಕೂಸು ನೋಡು."

ಅಪ್ಪ ಎದ್ದು ಬಂದವನು ಕೂಸಿನ ಮುಖ ನೋಡಲಿಲ್ಲ. ಎಡಗಾಲು ಹಿಡಿದು ಅಂಗಾಲು ತಿರುವಿ ನೋಡಿದ. ಸಾಯುವ ಕೂಸಿನ ಕಾಲನ್ನು ಯಾಕೆ ನೋಡುತ್ತಾನೆ ಎಂದು ನನಗೆ ತಿಳಿಯಲಿಲ್ಲ.

"ಮಸಿ ಇರಲಿಲ್ಲ," ಎಂದ. "ಮುಂಜಾನಿ ನೋಡೀನಿ ಯಕ್ಕಾ. ಇರಲಿಲ್ಲ."

"ಅದನ್ನ ನಾನಽ ತೊಳದೀನಿ," ಎಂದಳು ದೊಡ್ಡವ್ವ.

ಅಪ್ಪ ಕೂತುಬಿಟ್ಟ. ಆಮೇಲೆ ಹೇಳಿದ್ದು ನಮ್ಮಿಬ್ಬರಿಗೂ ಹೊಸದು. ಅವ್ವನೂ ಅವನೂ ಸುಗ್ಗಿಯ ಮೊದಲೇ ಮಾಡಿಕೊಂಡಿದ್ದ ಗುರುತು ಅದು. ನಸುಕಿನಲ್ಲಿ ಅವ್ವ ಗುಳಿಗೆ ಹಾಕಿದ್ದರೆ ಕೂಸಿನ ಎಡ ಅಂಗಾಲಿಗೆ ಮಸಿ ಹಚ್ಚಿ ಹೋಗುತ್ತಿದ್ದಳು. ಕೂಸು ಹಾಲು ಬಿಡದೆ ಹಟ ಮಾಡಿ ಹೊತ್ತಾಗಿಬಿಟ್ಟರೆ ಹಾಕದೆಯೇ ಓಡುತ್ತಿದ್ದಳು. ಆಗ ಮಸಿ ಇರುತ್ತಿರಲಿಲ್ಲ, ಅಪ್ಪ ಬಂದು ಹಾಕುತ್ತಿದ್ದ. ಗಂಡ ಹೆಂಡತಿಗೆ ಮಾತಾಡಲು ಹೊತ್ತಿಲ್ಲದ ಮನೆಯಲ್ಲಿ ಕೂಸಿನ ಕಾಲೇ ಮಾತಾಡುತ್ತಿತ್ತು. ಆ ದಿನ ಅಪ್ಪ ಬಂದು ಅಂಗಾಲು ನೋಡಿದ್ದಾನೆ. ಸ್ವಚ್ಛವಾಗಿದೆ. ಎರೆದಾಗ ಮಸಿ ತೊಳೆದುಹೋಗಿರಬಹುದೆಂದು ಆ ನಿದ್ದೆಗಣ್ಣಿಗೆ ಹೊಳೆದಿಲ್ಲ. ನೀರೆರೆದ ನಿದ್ದೆ ಇನ್ನೇನು ಮುಗಿಯುತ್ತದೆ ಎಂದು ಎರಡನೆಯ ಗುಳಿಗೆ ಹಚ್ಚಿ ಮಲಗಿದ್ದಾನೆ.

ಹಿಂದಿನ ಗಲ್ಲಿಯಲ್ಲಿ ಒಬ್ಬ ಮುದಿ ಹಕೀಮರಿದ್ದರು. ಅಪ್ಪ ಬರಿಗಾಲಿನಲ್ಲಿ ಓಡಿ ಕರೆತಂದ. ಅವರು ರೆಪ್ಪೆ ಬಿಡಿಸಿ ನೋಡಿ, ಬೈಯಲಿಲ್ಲ. ಈ ಓಣಿಯಲ್ಲಿ ಇದು ಅವರಿಗೆ ಮೊದಲನೆಯದಲ್ಲ. ಹಾಲು ಹಾಕದ ಕಡಕ್ ಚಹಾ ಹನಿಹನಿ ಬಿಡಿ, ಮೂಗಿಗೆ ಇಂಗು ಹಿಡಿಯಿರಿ, ಅಂಗಾಲಿಗೆ ತಟ್ಟುತ್ತಲೇ ಇರಿ, ತೊಟ್ಟಿಲಿಗೆ ಮಾತ್ರ ಹಾಕಬೇಡಿ, ಮಲಗಿದರೆ ಮುಗಿಯಿತು ಎಂದರು. ಹೊತ್ತು ಮುಳುಗುವುದರೊಳಗೆ ಅತ್ತರೆ ಕೂಸು ನಿಮ್ಮದು ಎಂದು ಹೇಳಿ, ಮೂಲೆಯಲ್ಲಿ ಜಪದ ತಸಬಿ ಹಿಡಿದು ಕೂತರು.

ಅವ್ವನನ್ನು ಕರೆಯಲು ಪಕ್ಕದ ಮನೆಯವರು ಓಡಿದ್ದರು. ಈಗ ಹೊರಗೆ ಹೋದರೆ ಆ ಜಾಗಕ್ಕೆ ಗೇಟಿನಲ್ಲಿ ಬೇರೆಯವರು ಕಾದಿದ್ದಾರೆ ಎಂದು ಕೂಲಿಯವರ ಮೇಲಿನ ಮುಕಾದಮ ಹೇಳಿದನಂತೆ. ಅವ್ವ ಕೈಯಲ್ಲಿದ್ದ ಹತ್ತಿಯನ್ನು ಅಲ್ಲೇ ಬಿಟ್ಟು ಬಂದಳು. ಬಿಳಿಯ ಅವ್ವನನ್ನು ನಾನು ಸುಡುವ ಬಿಸಿಲಿನಲ್ಲಿ ನೋಡಿದ್ದು ಅದೇ ಮೊದಲು. ಓಣಿಯ ನಡುವೆ ಬರುತ್ತಿದ್ದಳು, ಅವಳಿಂದ ಹತ್ತಿಯ ಎಳೆಗಳು ಉದುರಿ ಹಿಂದೆ ತೇಲುತ್ತಿದ್ದವು. ಬೇವಿನ ಗಿಡದ ಕೆಳಗಿದ್ದ ಹುಡುಗಿಯರು ಮದುವೆ ಬಿಟ್ಟು ಎದ್ದು ನಿಂತರು. ಗೊಂಬೆಗಳು ಮಾತ್ರ ಮಲಗಿಯೇ ಇದ್ದವು.

ಅಪ್ಪ ಅವ್ವನಿಗೆ ಏನು ನಡೆಯಿತೆಂದು ಹೇಳಿದ. ಅವ್ವ ಅಕ್ಕನ ಕಡೆ ಒಮ್ಮೆ ನೋಡಿದಳು. ಅಕ್ಕ ಒಲೆಯ ಮುಂದೆ ಚಹಾ ಕುದಿಸುತ್ತ ತಲೆ ಎತ್ತಲಿಲ್ಲ. ಯಾರೂ ಯಾರನ್ನೂ ಬೈಯಲಿಲ್ಲ, ಅದಕ್ಕೂ ಪುರಸೊತ್ತಿರಲಿಲ್ಲ. ಅಪ್ಪ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆಯುತ್ತಿದ್ದ, ಅವನ ಕಾಲು ಸೋತರೆ ಅವ್ವ. ನಾನು ಜೊತೆಗೇ ನಡೆಯುತ್ತ ಅಂಗಾಲಿಗೆ ತಟ್ಟುತ್ತಿದ್ದೆ. ಅಪ್ಪನ ಕೈಯ ಕರಿ, ಅವ್ವನ ಮೈಯ ಬಿಳಿ ಎರಡೂ ಹತ್ತಿ ಹುಲಿಗಿ ಬೂದಿಬಣ್ಣವಾಗಿದ್ದಳು. ಹೇಳಿದರೆ ಏನೆನ್ನುತ್ತೀರೋ, ಆ ಮಧ್ಯಾಹ್ನ ನನಗೆ ಖುಷಿಯಾಗಿತ್ತು. ಭಯವೂ ಇತ್ತು, ಆದರೆ ಅಪ್ಪ ಅವ್ವ ಒಂದೇ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ನನ್ನ ಹೆಸರು ಹಿಡಿದು ಕರೆಯುತ್ತ ಇದ್ದರು. ಸುಗ್ಗಿ ಶುರುವಾದಾಗಿನಿಂದ ನಾನು ಬೇಡಿಕೊಂಡಿದ್ದು ಅದನ್ನೇ.

ಬಿಸಿಲು ಇಳಿಯಿತು. ಓಣಿಯ ತುದಿಯ ಮನೆಯಲ್ಲಿ ಕೂಸು ಅಳತೊಡಗಿತು. ಅವ್ವ ನಡೆಯುವುದನ್ನು ನಿಲ್ಲಿಸಿದಳು. ಅದರ ಪಕ್ಕದ ಮನೆಯದು ಎದ್ದಿತು, ಎದುರು ಮನೆಯದು ಎದ್ದಿತು. ಅಳು ಮನೆಯಿಂದ ಮನೆಗೆ ದಾಟುತ್ತ ನಮ್ಮ ಕಡೆ ಬರುತ್ತಿತ್ತು. ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ ಗಂಡುಕೂಸು ಕೂಡ ಕಿರುಚಿತು. ನಮ್ಮ ಮನೆಯ ಸರದಿ. ಅಳು ನಮ್ಮನ್ನು ದಾಟಿ ಆಚೆ ಮನೆಗೆ ಹೋಯಿತು. ದೊಡ್ಡವ್ವ ಚಹಾದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಭೋಂಗಾ ಕೂಗಿತು, ನಿಂತಿತು, ಓಣಿಯ ಹೆಂಗಸರೆಲ್ಲ ಬಂದು ತಂತಮ್ಮ ಕೂಸುಗಳಿಗೆ ಮೊಲೆ ಕೊಟ್ಟರು, ಓಣಿಯ ಅಳುವೆಲ್ಲ ಒಂದೊಂದಾಗಿ ತಣ್ಣಗಾಯಿತು. ಹಕೀಮರು ಎದ್ದು ಮೈಯ ಮೇಲಿನ ಶಾಲು ಸರಿಮಾಡಿಕೊಂಡರು.

ಆಗ ಹುಲಿಗಿ ಸೀನಿದಳು. ಇಂಗಿನ ಘಾಟಿಗೆ ಇರಬೇಕು. ಸೀನಿ, ಮುಖ ಕಿವುಚಿ, ಬೆಕ್ಕಿನ ಮರಿಯ ದನಿಯಲ್ಲಿ ಸಣ್ಣಗೆ ಕೀಂ ಅಂದಳು, ಆಮೇಲೆ ದನಿ ತೆಗೆದು ಅತ್ತಳು. ಅವ್ವ ಅಂಗಳದ ಮಣ್ಣಿನಲ್ಲೇ ಕುಸಿದು ಕೂತು ಮಗಳನ್ನು ಎದೆಗೆ ಒತ್ತಿಕೊಂಡಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ಆ ರಾತ್ರಿ ಅವನು ಬಾಯ್ಲರಿಗೆ ಹೋಗಲಿಲ್ಲ. ನಾವೆಲ್ಲ ಸಾಲಾಗಿ ಮಲಗಿದೆವು, ನಾನು ಅಪ್ಪ ಅವ್ವನ ನಡುವೆ. ಅಷ್ಟು ಒಳ್ಳೆಯ ನಿದ್ದೆ ನಾನು ಮತ್ತೆ ಮಾಡಿಲ್ಲ.

ನಸುಕಿನಲ್ಲಿ ಎಚ್ಚರವಾದಾಗ ಅಕ್ಕತಂಗಿ ಎದುರುಬದುರು ಕೂತಿದ್ದರು. ಹುಲಿಗಿ ಅವ್ವನ ಮಡಿಲಲ್ಲಿ ಹಾಲು ಕುಡಿಯುತ್ತಿದ್ದಳು. ಭೋಂಗಾ ಇನ್ನೇನು ಕೂಗುವುದರಲ್ಲಿತ್ತು. ಎರಡನೆಯ ದಿನವೂ ಹೋಗದಿದ್ದರೆ ಇಬ್ಬರ ಜಾಗವೂ ಹೋಗುತ್ತಿತ್ತು. ಹೋದರೆ ಗೂಡಿನಲ್ಲಿದ್ದ ಅಫೀಮಿನ ಡಬ್ಬಿಯನ್ನು ಮತ್ತೆ ತೆರೆಯಲೇಬೇಕಿತ್ತು. ಮೂರನೆಯ ದಾರಿಯನ್ನು ದೊಡ್ಡವ್ವ ಹೇಳಿದಳು.

"ಕೂಸು ನನಗ ಕೊಡು ಬಸ್ಸೀ. ಸುಗ್ಗಿ ಮುಗಿಯೋತನಕ."

ಅವ್ವ ಹುಲಿಗಿಯನ್ನು ಇನ್ನೊಂದು ಮೊಲೆಗೆ ಬದಲಿಸಿ, ತಾನೇ ಬಿಡುವ ತನಕ ಕುಡಿಸಿದಳು. ಆಮೇಲೆ ಎತ್ತಿ ಅಕ್ಕನ ಮಡಿಲಿಗೆ ಇಟ್ಟಳು.

"ಎಮ್ಮಿ ಹಾಲು ಹಾಕಬ್ಯಾಡ. ಆಕಳ ಹಾಲು ಹಾಕು," ಎಂದಳು. ಭೋಂಗಾ ಕೂಗಿತು. ಅವ್ವ ಎದ್ದು ಹೋದಳು.

ಆ ಸಂಜೆ ಅವ್ವ ಬಂದಾಗ ಎದೆಯ ಮೇಲೆ ಕುಪ್ಪಸಕ್ಕೆ ಹತ್ತಿ ಹಿಡಿಹಿಡಿಯಾಗಿ ಅಂಟಿತ್ತು. ಕುಡಿಯುವವರಿಲ್ಲದೆ ಹಾಲು ಸೋರಿ ಅರಿವೆ ತೊಯ್ದು, ಗಿರಣಿಯಲ್ಲಿ ಹಾರುವ ಎಳೆಗಳೆಲ್ಲ ಅಲ್ಲಿ ಬಂದು ಕೂತಿದ್ದವು. ಅವಳು ಅದನ್ನು ಮೂಲೆಯಲ್ಲಿ ಕೂತು ಕೀಳುತ್ತಿದ್ದಳು. ಅದು ಬತ್ತುವ ತನಕ ದಿನವೂ ಹಾಗೇ ಬರುತ್ತಿದ್ದಳು.

ಮಳೆ ಬಿದ್ದು ಗಿರಣಿ ನಿಂತ ಮೇಲೆ ಅವ್ವನೂ ನಾನೂ ಮಲ್ಲಟಕ್ಕೆ ಹೋದೆವು. ಹುಲಿಗಿ ತುಂಬಿಕೊಂಡಿದ್ದಳು, ಕುರಿಮರಿಗಳ ಹಿಂದೆ ಅಂಬೆಗಾಲಿಡುತ್ತಿದ್ದಳು, ಹಗಲಲ್ಲಿ ಊರಿಗೇ ಕೇಳುವಂತೆ ಕೇಕೆ ಹಾಕುತ್ತಿದ್ದಳು. ಅವ್ವ ಕೈ ಚಾಚಿದರೆ ದೊಡ್ಡವ್ವನ ಸೀರೆಯೊಳಗೆ ಮುಖ ಹುದುಗಿಸಿದಳು. ಅವ್ವ ನಕ್ಕಳು. ಹೊಂದಿಕೊಂಡಿದೆ, ಇನ್ನಷ್ಟು ದಿನ ಇರಲಿ ಎಂದಳು. ದೊಡ್ಡವ್ವ ಒಯ್ಯಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅಷ್ಟರಲ್ಲಿ ಮತ್ತೆ ಎಳ್ಳಮಾವಾಸ್ಯೆ ಬಂತು, ಮತ್ತೆ ಹತ್ತಿಯ ಬಂಡಿಗಳು ಬಂದವು.

ಆ ಗಿರಣಿ ಈಗಿಲ್ಲ. ಅಫೀಮಿನ ಅಂಗಡಿಯೂ ಇಲ್ಲ, ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಅಪ್ಪ, ದೊಡ್ಡವ್ವ, ಆಮೇಲೆ ಅವ್ವ, ಎಲ್ಲರೂ ಹೋದರು. ಕಳೆದುಕೊಂಡದ್ದನ್ನು ಅಳೆಯಲು ಕೂತರೆ ಇವ್ಯಾವುದೂ ನನಗೆ ದೊಡ್ಡದೆನಿಸುವುದಿಲ್ಲ. ಹುಲಿಗಿ ಇದ್ದಾಳೆ, ಮಲ್ಲಟದಲ್ಲಿ ಮೊಮ್ಮಕ್ಕಳನ್ನು ಕಂಡಿದ್ದಾಳೆ. ಯಾರು ಹೆತ್ತರು, ಯಾಕೆ ಕೊಟ್ಟರು, ಎಲ್ಲ ಅವಳಿಗೆ ಗೊತ್ತು, ಯಾರೂ ಮುಚ್ಚಿಟ್ಟಿರಲಿಲ್ಲ. ಆದರೆ ನಾಲಿಗೆ ಮೊದಲು ಯಾರನ್ನು ಕರೆದು ಕಲಿಯಿತೋ ಅವರೇ ಯವ್ವ ಆಗಿದ್ದರು. ಹೆತ್ತವಳು ತಾಯಿಯ ತಂಗಿಯಾದಳು, ಚಿಗವ್ವ.

ಅವ್ವ ತೀರಿದ ದಿನ ಹುಲಿಗಿ ಬಂದು ಅವ್ವನ ಕಾಲ ಬಳಿ ಕೂತಿದ್ದಳು. ನೆರೆಯ ಹೊಸ ಹೆಂಗಸೊಬ್ಬಳು ಅವಳ ಅಳು ನೋಡಲಾರದೆ ಹತ್ತಿರ ಬಂದು, ಇವರು ನಿಮಗೇನಾಗಬೇಕ್ರಿ ಎಂದು ಕೇಳಿದಳು.

"ನಮ್ಮ ಚಿಗವ್ವರೀ," ಎಂದಳು ಹುಲಿಗಿ.

ನಾನು ತಿದ್ದಲಿಲ್ಲ. ತಿದ್ದಬೇಕಾದವಳು ಅಲ್ಲೇ ಮಲಗಿದ್ದಳು, ಅವಳೂ ಬದುಕಿದ್ದಷ್ಟು ದಿನ ತಿದ್ದಿರಲಿಲ್ಲ.